ಮೈಕು ಊಳಿಟ್ಟ ಸೋಮವಾರ

ಗ್ರೀನ್‌ವಿಲ್, ಮಿಸಿಸಿಪ್ಪಿ
ಅಕ್ಟೋಬರ್ 21, 1956

ಕ್ಲೀ,

ಗುರುವಾರ ಮಧ್ಯಾಹ್ನ ಸುಖವಾಗಿ ಊರು ಮುಟ್ಟಿದೆ. ನೀನು ಶಿಕಾಗೋದಲ್ಲಿ ಕೊಡಿಸಿದ ಕೋಟು ನಿಮ್ಮಮ್ಮನಿಗೆ ಸರಿಯಾಗಿದೆ. ತೋಳು ಸ್ವಲ್ಪ ಉದ್ದವಾಗಿತ್ತು, ಅವಳೇ ಮಡಿಸಿ ಹೊಲಿದುಕೊಂಡಳು. ಇನ್ನೂ ಚಳಿ ಬಂದಿಲ್ಲ, ಆದರೂ ಇವತ್ತು ಚರ್ಚಿಗೆ ಅದನ್ನೇ ಹಾಕಿಕೊಂಡು ಬೆವರುತ್ತಾ ಕೂತಿದ್ದಳು.

ನಾನಿಲ್ಲದಾಗ ಅಂಗಡಿಯನ್ನು ಲೆಮ್ಯುಯೆಲ್ ಒಬ್ಬನೇ ನಡೆಸಿದ. ಇಷ್ಟು ವರ್ಷ ಎರಡನೇ ಕುರ್ಚಿಯಲ್ಲಿ ಕ್ಷೌರ ಮಾಡಿದವನಿಗೆ ಒಂದನೇ ಕುರ್ಚಿ ಸಿಕ್ಕಿದರೆ ಕೇಳಬೇಕೆ? ನಾನು ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ, "ಏನ್ ಸ್ವಾಮಿ, ಕಟಿಂಗಾ ಶೇವಿಂಗಾ? ಕೂತ್ಕೊಳಿ, ಮುಂದೆ ಜನ ಇದಾರೆ" ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

ನಿಮ್ಮ ಬ್ಯಾಂಡಿನ ಯಜಮಾನ ರಾಸ್ಕೋ ಟೇಟ್ ದೊಡ್ಡ ಮನಸ್ಸಿನ ಮನುಷ್ಯ. ಸೋಮವಾರ ಮಧ್ಯಾಹ್ನ ಬಾರು ತುಂಬ ಜನರಿದ್ದಾಗ, ಗುರುತು ಪರಿಚಯವಿಲ್ಲದ ಮುದುಕನೊಬ್ಬನಿಗೆ ತನ್ನವರ ಜೊತೆ ನಿಂತು ಒಂದು ಹಾಡು ನುಡಿಸಲು ಬಿಟ್ಟ. ನಾನು ವಂದನೆ ತಿಳಿಸಿದ್ದೇನೆಂದು ಹೇಳು.

ಒಂದು ವಿಷಯ ಕೇಳಬೇಕಿತ್ತು. ಆ ಮೈಕು ನನ್ನ ಕೈಗೆ ಬಂದ ಕೂಡಲೇ ಯಾಕೆ ಹಾಗೆ ಊಳಿಟ್ಟಿತು? ಅದೇ ಮೈಕು, ಅದೇ ಆಂಪ್ಲಿಫೈಯರ್ ಪೆಟ್ಟಿಗೆ. ನಿನ್ನ ಕೈಯಲ್ಲಿದ್ದಾಗ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ನಾನು ನೀನು ಹುಟ್ಟುವ ಮೊದಲಿನಿಂದ ಮೌತ್ ಆರ್ಗನ್ ನುಡಿಸುತ್ತಿದ್ದೇನೆ. ಹೊಳೆದಂಡೆಯ ಊಟಗಳಲ್ಲಿ, ಹತ್ತಿ ಗಿರಣಿಯ ಅಂಗಳದಲ್ಲಿ, ಜನರ ಗದ್ದಲದ ಮೇಲೆ ಕೇಳಿಸಬೇಕಾದರೆ ಎದೆ ಬಿರಿಯುವಂತೆ ಊದಬೇಕು. ನನಗೆ ಗೊತ್ತಿರುವುದು ಅದೇ. ನನ್ನ ಸ್ವರ ನಡುಗುವುದು ಅಂಗೈ ತೆರೆದು ಮುಚ್ಚುವುದರಿಂದ. ಮೈಕು ಹಿಡಿದರೆ ಎರಡೂ ಕೈ ಕಟ್ಟಿಹಾಕಿದಂತಾಯಿತು.

ಬಿಡುವಾದಾಗ ಬರೆದು ತಿಳಿಸು. ಅವಸರವೇನಿಲ್ಲ.

ನಿನ್ನ ತಂದೆ,
ಎಝೆಲ್ ಪರ್ನೆಲ್


ಶಿಕಾಗೋ
ನವೆಂಬರ್ 11, 1956

ಅಪ್ಪ,

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ಆಗಲಿಲ್ಲ. ಆಮೇಲೂ ಎರಡು ಮೂರು ಸಲ ಕೂತು ಎದ್ದೆ.

ಅವತ್ತು ನಿಮ್ಮನ್ನು ಕರೆಯುವಾಗ ನಾನು ಮೈಕಿನಲ್ಲಿ, "ದಕ್ಷಿಣದ ಕಡೆಯಿಂದ ಒಬ್ರು ಹಿರಿಯರು ಬಂದಿದಾರೆ, ಒಂದ್ ಹಾಡು ನುಡಿಸ್ತಾರಂತೆ" ಎಂದೆ. ನಿಮ್ಮ ಹೆಸರನ್ನೂ ಹೇಳಲಿಲ್ಲ. ಜನ ಬಹಳವಿದ್ದರು, ರಾಸ್ಕೋ ಬೇರೆ ಅವಸರ ಮಾಡುತ್ತಿದ್ದ, ಬಾಯಿಗೆ ಬಂದದ್ದು ಬಂದುಬಿಟ್ಟಿತು. ನಿಮಗದು ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೈಕಿನ ವಿಷಯ. ನೀವು ಪೆಟ್ಟಿಗೆಯ ಬಾಯಿಗೆ ಎದುರಾಗಿ ನಿಂತಿದ್ದಿರಿ. ಪೆಟ್ಟಿಗೆಯಿಂದ ಹೊರಟ ಸದ್ದು ಮತ್ತೆ ಮೈಕಿಗೇ ನುಗ್ಗುತ್ತದೆ, ಮೈಕು ಅದನ್ನೇ ತಿರುಗಿ ಪೆಟ್ಟಿಗೆಗೆ ಕೊಡುತ್ತದೆ. ಹೀಗೆ ಸುತ್ತಿ ಸುತ್ತಿ ಊಳಾಗುತ್ತದೆ. ಪೆಟ್ಟಿಗೆಯ ಪಕ್ಕಕ್ಕೆ, ಸ್ವಲ್ಪ ಹಿಂದೆ ನಿಲ್ಲಬೇಕು. ಸದ್ದಿನ ತಿರುಪನ್ನು ಅರ್ಧದಾಚೆ ತಿರುಗಿಸಬಾರದು. ಮೈಕನ್ನು ಮೌತ್ ಆರ್ಗನ್ನಿನ ಬೆನ್ನಿಗೆ ಒತ್ತಿ ಹಿಡಿದು, ಎರಡೂ ಅಂಗೈಗಳನ್ನು ಬೊಗಸೆಯಂತೆ ಕೂಡಿಸಬೇಕು. ನೀರು ಹಿಡಿದರೆ ಒಂದು ಹನಿ ಸೋರದಷ್ಟು ಬಿಗಿಯಾಗಿರಬೇಕು.

ಆಮೇಲೆ ಊದಬೇಡಿ, ಉಸಿರಾಡಿ. ಎದೆಯಿಂದಲ್ಲ, ಹೊಟ್ಟೆಯಿಂದ. ಕನ್ನಡಿಯ ಮೇಲೆ ಹಬೆ ಮೂಡಿಸುವಷ್ಟು ಉಸಿರು ಸಾಕು. ಜೋರು ಮಾಡುವುದು ಪೆಟ್ಟಿಗೆಯ ಕೆಲಸ, ನಮ್ಮದಲ್ಲ.

ಇದನ್ನೆಲ್ಲ ನೀವು ಮೇಲೆ ಹತ್ತುವ ಮೊದಲೇ ಹೇಳಬಹುದಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ.

ನಿಮ್ಮ ಮಗ,
ಕ್ಲಿಯೋಟಿಸ್


ಗ್ರೀನ್‌ವಿಲ್
ಡಿಸೆಂಬರ್ 16, 1956

ಕ್ಲೀ,

ಮೈಕಿನಲ್ಲಿ ನೀನು ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಗದ್ದಲ ಬಹಳ ಇತ್ತು. ಆ ಮಾತು ಬಿಡು.

ನೀನು ಬರೆದ ಮೈಕಿನ ಪಾಠವನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಅಂಗಡಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೇನೆ. ರೇಡಿಯೋ ರಿಪೇರಿಯವನ ಹತ್ತಿರ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ಬಿದ್ದಿತ್ತು. ಅವನ ಮೂವರು ಗಂಡುಮಕ್ಕಳ ತಲೆಗೆ ಕ್ರಿಸ್ಮಸ್ ಕ್ಷೌರ ನನ್ನದು, ಪೆಟ್ಟಿಗೆ ನನ್ನದು ಎಂದು ಮಾತಾಯಿತು. ಮೈಕು ಟ್ಯಾಕ್ಸಿ ನಿಲ್ದಾಣದವರು ಎಸೆದದ್ದು. ಅದನ್ನು ಕಂಡಾಗಿನಿಂದ ಲೆಮ್ಯುಯೆಲ್ ನನ್ನನ್ನು ಬಿಡುತ್ತಿಲ್ಲ. "ಹಲೋ, ಎಝೆಲ್ ಟ್ಯಾಕ್ಸಿನಾ? ನಮ್ಮತ್ತೆ ಬಂದವ್ಳೆ, ವಾಪಸ್ ಕಳಿಸ್ಬೇಕು, ಒಂದ್ ಗಾಡಿ ಕಳ್ಸಪ್ಪ" ಎನ್ನುತ್ತಾನೆ.

ನಿನ್ನೆ ಅವನು ಒಬ್ಬರ ಗಂಟಲ ಮೇಲೆ ಕತ್ತಿ ಇಟ್ಟಿದ್ದಾಗ ನಾನು ಮೈಕು ಹಿಡಿದದ್ದೇ ತಡ, ಪೆಟ್ಟಿಗೆ ಕಿರುಚಿತು. ಕುರ್ಚಿಯಲ್ಲಿದ್ದವರು ಅಲ್ಲಾಡದೆ, ಕಣ್ಣು ಮಾತ್ರ ಹೊರಳಿಸಿ, "ಎಝೆಲ್, ನಾನ್ ಸತ್ರೆ ನನ್ನ ಹೆಂಡ್ತಿಗೆ ನೀನೇ ಹೋಗಿ ಹೇಳ್ಬೇಕು ನೋಡು" ಎಂದರು.

ಕನ್ನಡಿಗೇನು ಕೊರತೆ ಇಲ್ಲಿ? ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಎದುರು ನಿಂತು ಹಬೆ ಮೂಡಿಸಿ ಅಭ್ಯಾಸ ಮಾಡುತ್ತೇನೆ. ಮೂಡುತ್ತದೆ. ಮೌತ್ ಆರ್ಗನ್ ಬಾಯಿಗೆ ಬಂದೊಡನೆ ಮರೆತು ಊದಿಬಿಡುತ್ತೇನೆ. ಬುದ್ಧಿ ಕಲಿತದ್ದನ್ನು ಎದೆ ಒಪ್ಪುತ್ತಿಲ್ಲ. ನಿನ್ನ ಸ್ವರ ಅಷ್ಟು ದಪ್ಪಗೆ ಬರುತ್ತಿತ್ತಲ್ಲ, ಅದು ಮೈಕಿನದೋ ಬಾಯಿಯದೋ?

ನಿನ್ನ ತಂದೆ,
ಎಝೆಲ್ ಪರ್ನೆಲ್


ಶಿಕಾಗೋ
ಜನವರಿ 13, 1957

ಅಪ್ಪ,

ಬಾಯಿಯದು. ತುಟಿ ಕಿರಿದು ಮಾಡಿ ಶಿಳ್ಳೆಯಂತೆ ಒಂದೇ ತೂತಿಗೆ ಹಿಡಿಯಬೇಡಿ. ಬಾಯಿ ಅಗಲ ತೆರೆದು ನಾಲ್ಕು ತೂತು ಒಳಗೆ ತೆಗೆದುಕೊಳ್ಳಿ. ಎಡಗಡೆಯ ಮೂರನ್ನು ನಾಲಿಗೆಯಿಂದ ಮುಚ್ಚಿದರೆ ಬಲ ಮೂಲೆಯಲ್ಲಿ ಒಂದೇ ಉಳಿಯುತ್ತದೆ. ಬಾಯಿಯೊಳಗೆ ಜಾಗ ಹೆಚ್ಚಿದಷ್ಟೂ ಸ್ವರ ತುಂಬಿಕೊಳ್ಳುತ್ತದೆ. ನಾಲಿಗೆಯನ್ನು ಥಟ್ಟನೆ ಎತ್ತಿ ಇಟ್ಟರೆ ಮೂರೂ ಸ್ವರ ಒಮ್ಮೆಗೇ ನುಗ್ಗಿ ನಿಲ್ಲುತ್ತವೆ, ಒಬ್ಬನೇ ಇಬ್ಬರಂತೆ ಕೇಳಿಸುತ್ತೀರಿ. ಸ್ವರವನ್ನು ಬಗ್ಗಿಸಿ ತಗ್ಗಿಸುವಾಗ ಉಸಿರನ್ನು ಜೋರಾಗಿ ಎಳೆದರೆ ಕಟ್ಟಿಕೊಳ್ಳುತ್ತದೆ. ಆಕಳಿಸುವಾಗಿನಂತೆ ಗಂಟಲು ಇಳಿಸಿ ಮೆಲ್ಲಗೆ ಎಳೆಯಿರಿ.

ನನ್ನ ಸ್ವರ ದಪ್ಪ, ನಿಜ. ನಿಮ್ಮ ಹಾಗೆ ನಡುಗುವುದಿಲ್ಲ. ಅದು ನನಗೆ ಇನ್ನೂ ಬಂದಿಲ್ಲ.

ಇಲ್ಲಿ ಹಿಮ ಮೊಣಕಾಲಿನವರೆಗಿದೆ. ಸೋಮವಾರದ ಕೂಟಕ್ಕೆ ಜನ ಮಾತ್ರ ಕಡಿಮೆಯಾಗಿಲ್ಲ.

ಕ್ಲಿಯೋಟಿಸ್


ಗ್ರೀನ್‌ವಿಲ್
ಫೆಬ್ರವರಿ 17, 1957

ನನ್ನ ಕಂದ ಕ್ಲೀ,

ನಿಮ್ಮಪ್ಪನ ಪತ್ರದಲ್ಲಿ ತೂತು, ನಾಲಿಗೆ, ತಿರುಪು ಬಿಟ್ಟು ಬೇರೇನೂ ಇರುವುದಿಲ್ಲವೆಂದು ನನಗೆ ಗೊತ್ತು. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಎಲ್ಲರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ?

ಕಂದ, ನನಗೆ ಒಂದೇ ಒಂದು ವ್ಯಥೆ. ಅವತ್ತು ನಾನೂ ಶಿಕಾಗೋಗೆ ಬರಬೇಕಿತ್ತು. ನೀನು ಅಷ್ಟು ಜನರ ಮುಂದೆ ನಿಮ್ಮಪ್ಪನ ಭುಜದ ಮೇಲೆ ಕೈಯಿಟ್ಟು, "ಇವ್ರು ನಮ್ಮಪ್ಪ. ನನಗೆ ಉಸಿರು ಕೊಟ್ಟೋರೂ ಇವ್ರೇ, ಉಸಿರಾಡೋದು ಕಲ್ಸಿದೋರೂ ಇವ್ರೇ" ಎಂದೆಯಂತೆ. ಜನ ಎದ್ದು ನಿಂತರಂತೆ. ನಮ್ಮ ಅಂಗಡಿಯ ನೆಲ್ಸನ್ ಬೀದಿಯಲ್ಲಿ ಈ ಕಥೆ ಕೇಳದವರಿಲ್ಲ. ಅಂಗಡಿಗೆ ಹೊಸಬರು ಬಂದರೆ ಲೆಮ್ಯುಯೆಲ್ಲೇ, "ಎಝೆಲ್, ಶಿಕಾಗೋ ಕಥೆ ಹೇಳು" ಎಂದು ಶುರು ಮಾಡಿಸುತ್ತಾನೆ. ನಿಮ್ಮಪ್ಪ ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ. ಒಮ್ಮೆ ನೂರು ಜನ, ಒಮ್ಮೆ ಇನ್ನೂರು ಜನ. ನೀನು ಆಡಿದ ಮಾತು ಮಾತ್ರ ಒಂದಕ್ಷರವೂ ಬದಲಾಗುವುದಿಲ್ಲ.

ಚರ್ಚಿನ ಹೆಂಗಸರಿಗೆ ನಾನೂ ಹೇಳಿದೆ. ಮಗ ಉತ್ತರಕ್ಕೆ ಹೋದರೆ ಅಪ್ಪ ಅಮ್ಮನನ್ನು ಮರೆಯುತ್ತಾನೆ ಎಂದು ನನ್ನೆದುರು ಆಡಿಕೊಂಡವರಿಗೇ ಹುಡುಕಿಕೊಂಡು ಹೋಗಿ ಹೇಳಿದೆ.

ಏಪ್ರಿಲಿನಲ್ಲಿ ನಿಮ್ಮ ಬ್ಯಾಂಡು ಮೆಂಫಿಸಿಗೆ ಬರುತ್ತದೆಯಂತಲ್ಲ, ಅಲ್ಲಿಂದ ಇಲ್ಲಿಗೇನು ದೂರ? ಈ ಬೀದಿಯ ದೊಡ್ಡ ಡ್ಯಾನ್ಸ್ ಹಾಲನ್ನು ನಿಮ್ಮ ಬ್ಯಾಂಡಿಗೆಂದು ಲೆಮ್ಯುಯೆಲ್ ಮಾತಾಡಿಟ್ಟಿದ್ದಾನೆ. ನಿಮ್ಮಪ್ಪ ಕೇಳಲು ನಾಚಿಕೊಳ್ಳುತ್ತಿದ್ದಾರೆ. ನಾನು ಕೇಳುತ್ತಿದ್ದೇನೆ. ಬಾ.

ನಿನ್ನ ಅಮ್ಮ,
ಒಡೆಸ್ಸಾ


ಶಿಕಾಗೋ
ಮಾರ್ಚ್ 10, 1957

ಅಮ್ಮ,

ನಿನ್ನ ಪತ್ರ ಬಂತು. ಊಟ ತಿಂಡಿ ಸರಿಯಾಗಿದೆ, ಚಿಂತೆ ಮಾಡಬೇಡ.

ಏಪ್ರಿಲ್ ಕೊನೆಯ ಶನಿವಾರ ಬರುತ್ತೇವೆ. ರಾಸ್ಕೋ ಒಪ್ಪಿದ. ಅಪ್ಪ ನಮ್ಮ ಜೊತೆ ನುಡಿಸಬೇಕೆಂದು ಅವನೇ ಹೇಳಿದ್ದಾನೆ.

ಹೌದು, ಅವತ್ತು ಜನ ಬಹಳವಿದ್ದರು.

ನಿನ್ನ ಕ್ಲೀ


ಶಿಕಾಗೋ
ಮೇ 5, 1957

ಅಪ್ಪ,

ಆ ಶನಿವಾರ ನೀವು ಹಾಲಿನ ಪಕ್ಕದ ಬಾಗಿಲಿನಿಂದ ಹೊರಟುಹೋದ ಮೇಲೆ ನಾನು ಬೀದಿಯಲ್ಲೆಲ್ಲ ಹುಡುಕಿದೆ. ಅಂಗಡಿಗೆ ಬೀಗವಿತ್ತು. ಮನೆಗೆ ಬಂದೆ, ಅಮ್ಮ ಬಾಗಿಲಲ್ಲೇ ನಿಂತು, "ಮಲಗಿದಾರೆ, ಎಬ್ಬಿಸ್ಬೇಡ" ಎಂದಳು. ಇನ್ನೂ ಸೂರ್ಯ ಮುಳುಗಿರಲಿಲ್ಲ.

ನಾನು ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ. ನೀವು ಅವತ್ತು ನುಡಿಸಿದ್ದು ಕೇಳಿ ನನಗೆ ನಿಲ್ಲಲಾಗಲಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ನಿಂತಿರಿ, ಅಂಗೈ ಮುಚ್ಚಿದಿರಿ, ಊದಲೇ ಇಲ್ಲ. ಆ ಚಿಕ್ಕ ಉಸಿರು ಹಾಲಿನ ಕೊನೆಯ ಗೋಡೆಯವರೆಗೆ ಹೋಗಿ ತುಂಬಿಕೊಂಡಿತು. ಎಲ್ಲ ಮುಚ್ಚಿದ ಬೊಗಸೆಯಲ್ಲಿ ಕಿರುಬೆರಳೊಂದನ್ನೇ ಎತ್ತಿ ಇಳಿಸಿ ಸ್ವರ ನಡುಗಿಸಿದಿರಿ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಶಿಕಾಗೋದಲ್ಲಿ ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ರಾಸ್ಕೋ ಗಿಟಾರ್ ನಿಲ್ಲಿಸಿ ನಿಮ್ಮ ಕೈಯನ್ನೇ ನೋಡುತ್ತಿದ್ದ.

ಚಪ್ಪಾಳೆ ಮುಗಿಯುವ ಮೊದಲೇ ಲೆಮ್ಯುಯೆಲ್ ಮಾಮ ಎದ್ದು ನಿಂತು, "ಕ್ಲೀ! ಶಿಕಾಗೋದಲ್ಲಿ ಅಂದ್ಯಲ್ಲ ಅಪ್ಪನ್ ಬಗ್ಗೆ, ಅದನ್ನ ನಮ್ ಮುಂದೂ ಒಂದ್ಸಲ ಅನ್ನೋ!" ಎಂದು ಕೂಗಿದರು. ಎಲ್ಲರೂ "ಅನ್ನು, ಅನ್ನು" ಎಂದರು. ಅಮ್ಮ ಮುಂದಿನ ಸಾಲಿನಲ್ಲಿ ಆ ಕೋಟು ಹಾಕಿಕೊಂಡು ಕೂತಿದ್ದಳು. ನಾನು ಆಡದ ಮಾತನ್ನು ಆಡಿದೆನೆಂದು ಒಪ್ಪಿಕೊಂಡು ಮತ್ತೊಮ್ಮೆ ಸುಳ್ಳು ಹೇಳಬಾರದೆನಿಸಿತು. ಅದಕ್ಕೆ ಇದ್ದದ್ದನ್ನು ಹೇಳಿದೆ. ನಾನು ನಿಮ್ಮನ್ನು ಅಪ್ಪ ಎನ್ನಲಿಲ್ಲವೆಂದೆ. ಮೈಕು ಊಳಿಟ್ಟಾಗ ಬಾರಿನಲ್ಲೊಬ್ಬಳು, "ಈ ಮುದ್ಕನ್ನ ಎಲ್ಲಿಂದ ಹಿಡ್ಕೊಂಬಂದೆ ಕ್ಲೀ?" ಎಂದು ಕಿವಿ ಮುಚ್ಚಿಕೊಂಡು ನಕ್ಕಳು, ನಾನೂ ಅವಳ ಜೊತೆ ನಕ್ಕೆ ಎಂದೆ. ನನಗೆ ಯಾರೂ ಕಲಿಸಲಿಲ್ಲ, ನಾನೇ ಕಲಿತೆ ಎಂದು ಶಿಕಾಗೋದಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಅದಕ್ಕೇ ನಿಮ್ಮ ಗುರುತು ಹೇಳಲು ಬಾಯಿ ಬರಲಿಲ್ಲ ಎಂದೆ.

ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹೇಳಿ ಮುಗಿಸಿ ನಿಮ್ಮ ಕಡೆ ತಿರುಗಿದಾಗ ನೀವು ಮೌತ್ ಆರ್ಗನ್ನನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕುತ್ತಿದ್ದಿರಿ. ನಾನು ಮಾಡಿದ್ದೇನೆಂದು ಆಗ ತಿಳಿಯಿತು.

ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಕ್ಲಿಯೋಟಿಸ್


ಶಿಕಾಗೋ
ಜೂನ್ 23, 1957

ಅಪ್ಪ,

ಉತ್ತರ ಬರಲಿಲ್ಲ. ಅಂಚೆಯವನು ನನ್ನನ್ನು ಕಂಡರೆ ಈಗ ತಾನಾಗಿಯೇ ತಲೆಯಲ್ಲಾಡಿಸುತ್ತಾನೆ.

ಕಿರುಬೆರಳು ಎತ್ತಿ ನುಡಿಸಲು ಪ್ರಯತ್ನಿಸುತ್ತಿದ್ದೇನೆ. ನನ್ನ ಬೆರಳಿಗೆ ಪೆಟ್ಟಿಗೆ ಕಿರುಚುತ್ತದೆ.

ಕ್ಲೀ


ಗ್ರೀನ್‌ವಿಲ್
ಜುಲೈ 28, 1957

ಕ್ಲೀ,

ನಿನ್ನ ಎರಡು ಪತ್ರವೂ ನಿಮ್ಮಪ್ಪನ ಕೈ ಸೇರಿವೆ. ಓದಿದ್ದಾರೆ. ಬೆಳಿಗ್ಗೆ ಅಂಗಡಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ. ಪೆಟ್ಟಿಗೆಯ ಮೇಲೆ ಟವೆಲ್ಲುಗಳನ್ನು ಮಡಿಸಿಟ್ಟಿದ್ದಾರೆ.

ನಿನ್ನನ್ನು ಏನೆಂದು ಬೈಯಲಿ? ನಿಜ ಹೇಳಿದೆ. ನಿಜ ಹೇಳು ಎಂದು ಮಡಿಲಲ್ಲಿ ಕೂರಿಸಿಕೊಂಡು ಕಲಿಸಿದವಳು ನಾನೇ. ಆದರೆ ನಿನ್ನ ಎದೆಯ ಭಾರ ಇಳಿಸಿಕೊಳ್ಳಲು ನಿನಗೆ ನಿಮ್ಮಪ್ಪನ ತಲೆಯೇ ಬೇಕಿತ್ತೇ? ಅವರು ನಿನ್ನ ಮರ್ಯಾದೆ ಮುಚ್ಚಿಕೊಂಡು ಬಂದಿದ್ದರು. ನೀನು ಅವರ ಬಟ್ಟೆಯನ್ನೇ ಎಳೆದುಬಿಟ್ಟೆ.

ಚರ್ಚಿನಲ್ಲಿ ನಾನೀಗ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಯಾರೂ ಏನೂ ಅನ್ನಲಿಲ್ಲ. ಬದಲಿಗೆ ಗೆಣಸಿನ ಪೈ ಮಾಡಿ ತಂದುಕೊಟ್ಟರು, ಸಾವಾದ ಮನೆಗೆ ತಂದುಕೊಡುವ ಹಾಗೆ.

ಆರೋಗ್ಯ ನೋಡಿಕೋ.

ಅಮ್ಮ


ಗ್ರೀನ್‌ವಿಲ್
ಸೆಪ್ಟೆಂಬರ್ 15, 1957

ಕ್ಲೀ,

ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಒಂದು ವಾರದಲ್ಲಿ ಇಳಿಯುತ್ತಿತ್ತು. ನನಗೆ ನಾಚಿಕೆಯಾಗಿತ್ತು. ನಿನಗೆ ಬರೆಯಲೂ ನಾಚಿಕೆ.

ಮೊದಲು ನನ್ನದನ್ನು ಹೇಳುತ್ತೇನೆ. ನೀನು ಮೈಕಿನಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು. ಬಾರಿನಲ್ಲಿ ನೀನು ನಕ್ಕದ್ದೂ ಕಾಣಿಸಿತ್ತು. ಕುರುಡನೂ ಅಲ್ಲ, ಕಿವುಡನೂ ಅಲ್ಲ ನಾನು. ಮನೆಗೆ ಬರುವ ರೈಲು ಮೆಂಫಿಸ್ ದಾಟಿದ ಮೇಲೆ, ಅಂಗಡಿಯವರು ಕೇಳಿದರೆ ಏನು ಹೇಳಲಿ ಎಂಬ ಯೋಚನೆ ಹತ್ತಿತು. ಊರು ಬರುವಷ್ಟರಲ್ಲಿ ಆ ಮಾತು ಕಟ್ಟಿಯಾಗಿತ್ತು. ಮೊದಲ ಸಲ ಲೆಮ್ಯುಯೆಲ್ಲನ ಮುಂದೆ ಹೇಳುವಾಗ ಅವನ ಮುಖ ನೋಡಲಾರದೆ ಕತ್ತಿ ಮಸೆಯುತ್ತಾ ಹೇಳಿದೆ. ಆಮೇಲಾಮೇಲೆ ಸಲೀಸಾಯಿತು. ಕೊನೆಕೊನೆಗೆ ಅದು ನಡೆದೇ ಇತ್ತು ಎನಿಸುತ್ತಿತ್ತು. ಬೆಳಿಗ್ಗೆ ಕನ್ನಡಿ ಮುಂದೆ ಹಬೆ ಮೂಡಿಸುವಾಗ, ನೀನು ಹಾಗೆ ಹೇಳಿದ್ದೀಯೆ, ಆ ಮಾತಿಗೆ ತಕ್ಕಂತೆ ನುಡಿಸುವುದನ್ನು ಕಲಿಯಬೇಕು ಎಂದುಕೊಳ್ಳುತ್ತಿದ್ದೆ.

ನಮ್ಮ ಹಾಲಿನಲ್ಲಿ ಲೆಮ್ಯುಯೆಲ್ ನಿನ್ನನ್ನು ಕೇಳಿದಾಗ ನಾನು ನಿನ್ನ ಬಾಯನ್ನೇ ನೋಡುತ್ತಿದ್ದೆ. ಈಗ ಇವನು ಆ ಮಾತು ಹೇಳಿಬಿಟ್ಟರೆ ಎಲ್ಲ ಸರಿಹೋಯಿತಲ್ಲ ಎಂದುಕೊಂಡೆ. ಅವತ್ತು ನೀನು ಆ ಮಾತು ಆಡಿದ್ದರೆ ಅದು ಸುಳ್ಳಾಗುತ್ತಿತ್ತೇ ಕ್ಲೀ? ಅಕ್ಟೋಬರಿನಲ್ಲಿ ಆಡಲಿಲ್ಲ ನಿಜ. ಏಪ್ರಿಲಿನಲ್ಲಿ ಆಡಬಹುದಿತ್ತು.

ಇನ್ನೊಂದು. ನೀನು ನನ್ನನ್ನು ಯಾರೋ ಎಂದದ್ದು ಆ ಊರಿನಲ್ಲಿ. ತಪ್ಪಾಯಿತು ಎಂದದ್ದು ಈ ಊರಿನಲ್ಲಿ. ಇಲ್ಲಿ ನಾನು ನಿನ್ನ ಅಪ್ಪನೆಂದು ಗೊತ್ತಿಲ್ಲದವರು ಯಾರಿದ್ದರು? ಅಲ್ಲಿಯವರಿಗೆ ನಾನು ಇವತ್ತಿಗೂ ಮೈಕು ಕಿರುಚಿಸಿದ ಯಾರೋ ಮುದುಕ. ಇಲ್ಲಿಯವರಿಗೂ ಈಗ ಹಾಗೇ ಆದೆ.

ಲೆಮ್ಯುಯೆಲ್ ನನ್ನನ್ನು ರೇಗಿಸುವುದು ಬಿಟ್ಟಿದ್ದಾನೆ. "ಎಝೆಲ್, ಬಿಸಿನೀರು ಬೇಕಾ? ಎಝೆಲ್, ನೀನ್ ಕೂತ್ಕೋ, ನಾನ್ ಗುಡಿಸ್ತೀನಿ" ಎನ್ನುತ್ತಾನೆ. ಜನರ ಮಾತನ್ನು ತಡೆದುಕೊಳ್ಳಬಹುದು, ಅವನ ಈ ಮರ್ಯಾದೆಯನ್ನು ತಡೆಯಲಾರೆ. ಕಳೆದ ಶನಿವಾರ ಬೆಂಚು ತುಂಬಿದ್ದಾಗ ಟವೆಲ್ಲು ಪಕ್ಕಕ್ಕಿಟ್ಟು ನಾನೇ ಶುರು ಮಾಡಿದೆ. ಆ ಸೋಮವಾರ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಮೈಕು ಹೇಗೆ ಊಳಿಟ್ಟಿತು, ಡ್ರಮ್ಮಿನವನು ಹೇಗೆ ಕೋಲು ಕೈಬಿಟ್ಟ, ಆ ಹುಡುಗಿ ಹೇಗೆ ಕಿವಿ ಮುಚ್ಚಿಕೊಂಡಳು, ನಾನು ಅದನ್ನು ನಿಲ್ಲಿಸಲು ಇನ್ನೂ ಜೋರಾಗಿ ಊದಿದ್ದು, ಅದು ಇನ್ನೂ ಜೋರಾಗಿ ಅತ್ತದ್ದು. ಮೊದಲು ಯಾರೂ ನಗಲಿಲ್ಲ. ಆಮೇಲೆ ಲೆಮ್ಯುಯೆಲ್ಲನಿಗೆ ತಡೆಯಲಾಗದೆ ನಗು ಬಂತು. "ಅಯ್ಯೋ ಎಝೆಲ್, ಹೋದ್ವರ್ಷಾನೇ ಈ ಕಥೆ ಹೇಳ್ಬಾರ್ದಿತ್ತಾ, ಆ ಇನ್ನೊಂದಕ್ಕಿಂತ ಇದೇ ಚೆನ್ನಾಗೈತಲ್ಲೋ" ಎಂದ. ಅವರು ನಕ್ಕರು. ನಾನೂ ನಕ್ಕೆ. ಮುಖ ಮಾತ್ರ ಮನೆಗೆ ಬರುವವರೆಗೂ ಉರಿಯುತ್ತಲೇ ಇತ್ತು.

ನಿನ್ನ ಮೇಲೆ ನನಗೆ ದ್ವೇಷವಿಲ್ಲ. ಮುಂದೇನು ಮಾಡಬೇಕೆಂದು ನನಗೆ ಗೊತ್ತಿಲ್ಲ. ನನ್ನ ಪಾಲಿನದು ನಾನು ಮಾಡಿದೆ.

ನಿನ್ನ ತಂದೆ,
ಎಝೆಲ್ ಪರ್ನೆಲ್


ಶಿಕಾಗೋ
ಅಕ್ಟೋಬರ್ 20, 1957

ಅಪ್ಪ,

ನಿಮ್ಮ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಮೂರು ಸೋಮವಾರ ಬಾರಿಗೆ ಹೋದೆ. ಮೂರು ಸೋಮವಾರವೂ ಬಾಯಿ ಬರಲಿಲ್ಲ. ನಾಲ್ಕನೆಯದರಲ್ಲಿ ಹಾಡು ಮುಗಿಯುತ್ತಿದ್ದಂತೆ ಮೈಕು ಕೆಳಗಿಳಿಸದೆ ಹಾಗೇ ನಿಂತೆ.

"ಒಂದ್ ಮಾತು ಹೇಳ್ಬೇಕು" ಎಂದೆ. "ಹೋದ ಅಕ್ಟೋಬರಲ್ಲಿ ಇಲ್ಲೊಬ್ರು ಮೌತ್ ಆರ್ಗನ್ ನುಡ್ಸಿದ್ರು, ಮೈಕು ಕಿರುಚ್ತು, ನಾವೆಲ್ಲ ನಕ್ವಿ. ಅವ್ರು ಎಝೆಲ್ ಪರ್ನೆಲ್ ಅಂತ, ಗ್ರೀನ್‌ವಿಲ್ಲಲ್ಲಿ ಕ್ಷೌರದ ಅಂಗಡಿ ಇಟ್ಟಿದಾರೆ. ನಮ್ಮಪ್ಪ. ನಂಗೆ ಯಾರೂ ಕಲಿಸ್ಲಿಲ್ಲ ಅಂತ ನಿಮಗೆಲ್ಲ ಹೇಳಿದೀನಲ್ಲ, ಅದು ಸುಳ್ಳು."

ಅಪ್ಪ, ಯಾರಿಗೂ ನೆನಪಿರಲಿಲ್ಲ. ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾವ್ ಮುದುಕ?" ಎಂದು ಒಬ್ಬ ಕೇಳಿದ. "ಮೈಕು ವಾರಕ್ಕೊಂದ್ಸಲ ಕಿರುಚತ್ತೆ ಬಿಡಪ್ಪ, ನೀನ್ ನುಡ್ಸು" ಎಂದ ಇನ್ನೊಬ್ಬ. ಕಿವಿ ಮುಚ್ಚಿಕೊಂಡ ಆ ಹುಡುಗಿ ಈಗ ಡೆಟ್ರಾಯಿಟಿನಲ್ಲಿದ್ದಾಳಂತೆ. ಇವರಿಗೆ ಹೆದರಿ ನಾನು ನಿಮ್ಮನ್ನು ಬಿಟ್ಟುಕೊಟ್ಟೆ. ಇವರ ತಲೆಯಲ್ಲಿ ಅದು ಒಂದು ವಾರವೂ ಉಳಿದಿರಲಿಲ್ಲ. ಅಲ್ಲಿ ನಿಂತಾಗ ಹೋದ ವರ್ಷಕ್ಕಿಂತ ಹೆಚ್ಚು ನಾಚಿಕೆಯಾಯಿತು.

ರಾಸ್ಕೋ ಗಿಟಾರ್ ಶ್ರುತಿ ಮಾಡುತ್ತಿದ್ದ. ಆಮೇಲೆ ಹೊರಗೆ ಸಾಮಾನು ಗಾಡಿಗೆ ಹಾಕುವಾಗ, "ನಂಗೆ ಹೋದ್ವರ್ಷ ಅವತ್ತೇ ಗೊತ್ತಿತ್ತು" ಎಂದ.

"ಏನ್ ಗೊತ್ತಿತ್ತು?"

"ನಿಮ್ಮಪ್ಪ ಅಂತ. ಮೇಲೆ ಹತ್ತೋಕ್ ಮುಂಚೆ ಮೌತ್ ಆರ್ಗನ್ ಊದಿ ನೋಡ್ಕೊಂಡ್ರಲ್ಲ, ಆಗ ಉಸಿರು ಎಳ್ಕೊಳೋ ಮುಂಚೆ ಎಡಗಡೆ ಭುಜ ಎತ್ತಿದ್ರು. ನೀನೂ ಎತ್ತೀಯ. ಹುಟ್ಟಿದಾಗಿಂದ ನೋಡಿ ಬಂದಿರ್ಬೇಕು. ಅದಕ್ಕೇ ನುಡ್ಸೋಕೆ ಬಿಟ್ಟಿದ್ದು. ಇಲ್ದಿದ್ರೆ ಬೀದೀಲಿ ಹೋಗೋರಿಗೆಲ್ಲ ಬಿಡ್ತೀನಾ?"

"ಮತ್ತೆ ಯಾಕ್ ಹೇಳ್ಲಿಲ್ಲ?"

"ನೀನ್ ಹೇಳ್ತೀಯ ಅಂತ ಕಾದೆ ಕಣಪ್ಪ" ಎಂದ. "ನೀನೇ ಬಾಯಿ ಮುಚ್ಕೊಂಡ್ಮೇಲೆ ನಾನೇನ್ ಹೇಳ್ಲಿ? ಅವ್ರೂ ನಿನ್ನನ್ನ ನೋಡಿ ಸುಮ್ನಾದ್ರು. ಅದನ್ನೂ ನೋಡ್ದೆ."

ಗಾಡಿಯಲ್ಲಿ ಅವನ ಪಕ್ಕ ಕೂತು ಮನೆಯವರೆಗೆ ಬಂದೆ.

ಇದನ್ನು ಬರೆಯುತ್ತಿರುವುದು ಕ್ಷಮಿಸಿ ಎಂದು ಕೇಳಲಿಕ್ಕಲ್ಲ. ಹೇಳಬೇಕಾದ ಊರಿನಲ್ಲಿ ಹೇಳಿದ್ದೇನೆ, ಅಷ್ಟು ನಿಮಗೆ ತಿಳಿದಿರಲಿ.

ನಿಮ್ಮ ಮಗ,
ಕ್ಲಿಯೋಟಿಸ್


ಗ್ರೀನ್‌ವಿಲ್
ನವೆಂಬರ್ 10, 1957

ಕ್ಲೀ,

ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಅಂಗಡಿಯವರೆಗೂ ನನ್ನ ಜೊತೆ ನಡೆದು ಬಂದು, ಅಲ್ಲಿಯೂ ಓದಿಸಿದಳು. ಯಾರಿಗೂ ನೆನಪಿರಲಿಲ್ಲವೆಂಬ ಜಾಗಕ್ಕೆ ಬಂದಾಗ ನನಗೆ ಓದಲು ಸ್ವಲ್ಪ ಕಷ್ಟವಾಯಿತು. ಲೆಮ್ಯುಯೆಲ್, "ನೋಡ್ದಾ, ಒಂದ್ ವರ್ಷ ಇಬ್ರೂ ಸತ್ತಿದ್ದು ಯಾರಿಗೋಸ್ಕರ!" ಎಂದ.

ಭುಜ ಎತ್ತುವುದು ತಪ್ಪು. ಉಸಿರು ಎದೆಯಲ್ಲೇ ನಿಲ್ಲುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ನೀನೇ ನನಗೆ ಹೊಟ್ಟೆಯಿಂದ ಉಸಿರಾಡಿ ಎಂದು ಬರೆದೆ, ಆದರೆ ನಿನ್ನ ಭುಜ ಇನ್ನೂ ಏಳುತ್ತಿದೆಯಂತೆ. ಅದನ್ನು ನಿನಗೆ ಅಂಟಿಸಿದವನು ನಾನೇ. ಅದಕ್ಕೇ ನಿನ್ನ ಕಿರುಬೆರಳಿಗೆ ಪೆಟ್ಟಿಗೆ ಕಿರುಚುವುದು. ಬೆರಳಿನ ದೋಷವಲ್ಲ, ಎದೆಯಿಂದ ತಳ್ಳುತ್ತಿದ್ದೀಯೆ. ಇದು ಬರೆದು ತಿಳಿಸುವಂಥದ್ದಲ್ಲ, ಪಕ್ಕದಲ್ಲಿ ಕೂತು ಭುಜ ಹಿಡಿದು ಒತ್ತಬೇಕು.

ಹೊಸ ವರ್ಷ ಕಳೆದರೆ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಜನವರಿಯ ಎರಡನೇ ವಾರ ಶಿಕಾಗೋಗೆ ಹೊರಡುತ್ತೇನೆ. ಈ ಸಲ ನಿಮ್ಮಮ್ಮನೂ ಬರುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಆ ಊರಿಗೆ ಮತ್ತೆ ಕಾಲಿಡಲು ನನಗೆ ಈಗಲೂ ಸಂಕೋಚವಿದೆ. ನಿನಗೂ ಇರುತ್ತದೆ. ಇರಲಿ, ಸಂಕೋಚಪಟ್ಟುಕೊಂಡೇ ಬರುತ್ತೇನೆ.

ಸೋಮವಾರ ನಾನು ನುಡಿಸುವುದು ಬಿಡುವುದು ಆಮೇಲಿನ ಮಾತು. ಭಾನುವಾರ ಮಧ್ಯಾಹ್ನ ನಿನ್ನ ಕೋಣೆಯಲ್ಲಿ ಪೆಟ್ಟಿಗೆಯ ತಂತಿ ಕಿತ್ತಿಟ್ಟು, ಮೈಕಿಲ್ಲದೆ ಎದುರುಬದುರು ಕೂರೋಣ. ಅಲ್ಲಿಯವರೆಗೆ ಯಾರ ಮುಂದೆ ನುಡಿಸುವಾಗಲೂ ಭುಜ ಎತ್ತಬೇಡ.

ನಿನ್ನ ಅಪ್ಪ